ಪಾಕಗ್ರಂಥಗಳ ಮೌನ

ಪಾಕಶಾಸ್ತ್ರದ ವಿಷಯದಲ್ಲಿ ಕನ್ನಡನಾಡು ಬಡನಾಡಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. 1025ರ ಸುಮಾರಿನಲ್ಲಿ, ಎರಡನೆಯ ಚಾವುಂಡರಾಯನು ಲೋಕೋಪಕಾರವೆಂಬ ಗ್ರಂಥವನ್ನು ರಚಿಸಿ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಗಂಧಯುಕ್ತಿ, ವೈದ್ಯ, ಶಕುನ ಮುಂತಾದವುಗಳ ಜತೆಯಲ್ಲಿ ಅಡಿಗೆಗೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಒಂದು ಶತಮಾನದ ಅನಂತರ ಅದೇ ರಾಜವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪ್ರಕರಣವುಂಟು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಂತೂ ಸೂಪಶಾಸ್ತ್ರವೆಂಬ ಒಂದು ಕೃತಿಯನ್ನೇ ಷಟ್ಪದಿಯಲ್ಲಿ ಹಾಡಿ, ಪಿಷ್ಟಪಾಕ, ಪಾನಕ, ಅನ್ನ, ಶಾಕಗಳನ್ನೆಲ್ಲ ಕಾವ್ಯದ ಪಂಕ್ತಿಗೆ ತಂದು ಕೂರಿಸಿದನು.

ಈ ಗ್ರಂಥಗಳನ್ನು ಇದುವರೆಗೆ ಓದಿದವರು ಬಹುಮಟ್ಟಿಗೆ ಎರಡು ಬಗೆಯವರು. ಹಳೆಯ ಶಬ್ದಗಳನ್ನು ಅರಸುವ ಭಾಷಾಪಂಡಿತರು ಒಂದು ಬಗೆ. ಪೂರ್ವಿಕರ ಜೀವನಕ್ರಮವನ್ನು ಅರಸುವ ಚರಿತ್ರಕಾರರು ಇನ್ನೊಂದು ಬಗೆ. ಈ ಲೇಖಕನು ಮೊದಲನೆಯ ಗುಂಪಿಗೆ ಸೇರಿದವನು. ಈ ಗ್ರಂಥಗಳು ಯಾವ ಪ್ರಯೋಜನಕ್ಕಾಗಿ ಹುಟ್ಟಿದುವೋ ಆ ಪ್ರಯೋಜನವನ್ನೇ ಬಯಸಿ, ಎಂದರೆ ಹಸಿದ ಹೊಟ್ಟೆಯಲ್ಲಿ ಒಲೆಯ ಮುಂದೆ ನಿಂತುಕೊಂಡು, ಇವನ್ನು ಓದುವ ಪ್ರಸಂಗವು ನನಗೆ ಅರುವತ್ತೊಂದನೆಯ ವಯಸ್ಸಿನಲ್ಲಿ ಒದಗಿತು. ಆಗ ಕಂಡದ್ದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ಪಾಕಗ್ರಂಥದಲ್ಲಿ ಹೇಳಿದ ಮಾತಿಗಿಂತ ಹೇಳದೆ ಬಿಟ್ಟ ಮಾತೇ ಹೆಚ್ಚು. ಆ ಬಿಟ್ಟ ಮಾತನ್ನು ಪಂಡಿತನು ಕಾಣಲಾರನು, ಅಡಿಗೆ ಬಲ್ಲವರೂ ಕಾಣಲಾರರು. ಏನನ್ನೂ ಅರಿಯದೆ ಅನ್ನ ಸೀಯಿಸಿಕೊಂಡವನು ಮಾತ್ರ ಕಾಣುತ್ತಾನೆ ಎಂಬುದೇ ನನ್ನ ವಾದ.

ಪ್ರಸಂಗವನ್ನು ಚುಟುಕಾಗಿ ಹೇಳುತ್ತೇನೆ. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಮಗಳ ಹೆರಿಗೆಗೆಂದು ನನ್ನ ಪತ್ನಿ ಬೆಂಗಳೂರಿಗೆ ಹೋಗಿದ್ದಳು. ಮಾರ್ಚ್ 25ರಂದು ಶಾರ್ವರಿ ಸಂವತ್ಸರದ ಯುಗಾದಿ. ಕೊರೋನಾ ಜಾಡ್ಯದ ಕಾರಣದಿಂದ ಜನರು ಲಾಕ್‌ಡೌನ್ ಎಂದು ಕರೆದ ದಿಗ್ಬಂಧನವು ದೇಶಕ್ಕೆಲ್ಲ ಮೊದಲಾದದ್ದೂ ಅದೇ ದಿನ. ಮೊದಲು ಇಪ್ಪತ್ತೊಂದು ದಿನವೆಂದರು. ಆಮೇಲೆ ಮೇ 3ರ ವರೆಗೆ ಎಂದರು. ಆಮೇಲೆ 17, ಅದಾದ ಮೇಲೆ 31. ಬಸ್ಸಿಲ್ಲ, ಹೋಟೆಲಿಲ್ಲ, ನೆರೆಮನೆಯವರ ಹೊಸ್ತಿಲು ತುಳಿಯುವಂತಿಲ್ಲ. ಮನೆಯಲ್ಲಿ ಅಕ್ಕಿ ಬೇಳೆಗಳಿಗೆ ಕೊರತೆಯಿರಲಿಲ್ಲ. ಅವನ್ನು ಬೇಯಿಸಬಲ್ಲ ಮನುಷ್ಯನ ಕೊರತೆ ಮಾತ್ರ. ಬೇವುಬೆಲ್ಲಕ್ಕೆ ಬೆಂಕಿ ಬೇಡವಾದ್ದರಿಂದ ಹಬ್ಬವು ನಿರ್ವಿಘ್ನವಾಗಿ ನೆರವೇರಿತು. ತೊಂದರೆಯಾದದ್ದು ಮಧ್ಯಾಹ್ನದ ಊಟಕ್ಕೆ.

ಮೂವತ್ತೈದು ವರ್ಷ ಸಂಸ್ಕೃತ ಪಾಠ ಹೇಳಿದವನಿಗೆ ಅನ್ನದ ಮೇಲಿನ ನ್ಯಾಯಗಳು ಬೇಕಾದಷ್ಟು ಗೊತ್ತಿರುತ್ತವೆ. ಸ್ಥಾಲೀಪುಲಾಕನ್ಯಾಯವನ್ನು ನಾನು ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಪಾತ್ರೆಯಲ್ಲಿನ ಒಂದು ಅಗುಳನ್ನು ಹಿಸುಕಿ ನೋಡಿ ಉಳಿದ ಅಗುಳುಗಳೆಲ್ಲ ಬೆಂದಿವೆಯೆಂದು ತಿಳಿಯುವಂತೆ, ಎಂದು ಕೈಬೆರಳುಗಳನ್ನು ಹಿಸುಕಿ ತೋರಿಸುತ್ತಲೂ ಇದ್ದೆನು. ಯುಗಾದಿಯ ದಿನ ಕುಕ್ಕರಿನ ಮುಂದೆ ನಿಂತಾಗ ಆ ನ್ಯಾಯವು ಕೈಕೊಟ್ಟಿತು. ಬಾಯಿ ಬಿಗಿದ ಪಾತ್ರೆಯೊಳಗಿನ ಅಗುಳನ್ನು ಹಿಸುಕುವ ಬಗೆ ಹೇಗೆ? ಮರುದಿನ ತೆರೆದ ಪಾತ್ರೆಯಲ್ಲಿಟ್ಟು ಮೇಲಿನಿಂದ ಒಂದು ಅಗುಳನ್ನು ತೆಗೆದು ನೋಡಿದೆನು, ಅದು ಗಟ್ಟಿ. ಇನ್ನೂ ಬೇಯಲೆಂದು ಬಿಟ್ಟೆನು. ತಳ ಹಿಡಿದ ವಾಸನೆ ಮನೆಯೆಲ್ಲ ಹಬ್ಬಿದಾಗಲೂ ಮೇಲಿನ ಅಗುಳು ಗಟ್ಟಿಯಾಗಿಯೇ ಇದ್ದಿತು. ಉರಿಯು ಸಮವಾಗಿದ್ದು ನೀರು ಸಾಕಷ್ಟಿದ್ದರಲ್ಲವೆ ಒಂದು ಅಗುಳು ಉಳಿದವುಗಳ ಪರವಾಗಿ ಸಾಕ್ಷಿ ಹೇಳುವುದು! ಈ ಉಪಾಧಿಯನ್ನು ನಾನು ವಿದ್ಯಾರ್ಥಿಗಳಿಗೆ ಒಂದು ಸಲವೂ ಹೇಳಿರಲಿಲ್ಲ. ಸೂಚೀಕಟಾಹನ್ಯಾಯವಂತೂ ಅಡಿಗೆಯ ಮನೆಯಲ್ಲಿ ತಲೆಕೆಳಗು. ಸಣ್ಣ ಕೆಲಸವನ್ನು ಮೊದಲು ಮುಗಿಸಿ ದೊಡ್ಡದಕ್ಕೆ ಕೈಹಾಕಬೇಕೆಂದು ಅದು ಹೇಳುತ್ತದೆ. ನಾನು ಹಾಗೆಯೇ ಮೊದಲು ಒಗ್ಗರಣೆ ಮಾಡಿಟ್ಟುಕೊಂಡು ಆಮೇಲೆ ಬೇಳೆಯನ್ನು ಬೇಯಲಿಟ್ಟೆನು.

ಆಗ ಕೈಗೆ ಸಿಕ್ಕಿದ್ದು ನನ್ನ ಪತ್ನಿಯ ನೋಟುಪುಸ್ತಕ. ಮದುವೆಯಾದ ಹೊಸತರಲ್ಲಿ ಅವಳು ಬರೆಯಲಾರಂಭಿಸಿದ, ಎಣ್ಣೆಯ ಕಲೆಯಿಂದ ಅರ್ಧ ಪಾರದರ್ಶಕವಾಗಿರುವ, ನೂರು ಪುಟಗಳ ಪುಸ್ತಕವದು. ಅದನ್ನು ನಾನು ಗ್ರಂಥವೆಂದು ಭಾವಿಸಿಯೇ ಓದಿದೆನು. ಆದ್ದರಿಂದ ವಿಮರ್ಶಿಸುವುದಕ್ಕೂ ಅಧಿಕಾರವುಂಟೆಂದುಕೊಳ್ಳುತ್ತೇನೆ. ಅದರ ಶೈಲಿ ಸೂತ್ರಶೈಲಿ. ಅಲ್ಪಾಕ್ಷರತ್ವದಲ್ಲಿ ಪಾಣಿನಿಗೆ ಸರಿಸಮವೆನ್ನಬಹುದು. ಸಾರಿನ ಪುಡಿಯೆಂದರೆ ಕೊತ್ತಂಬರಿ ಇಷ್ಟು, ಮೆಣಸಿನಕಾಯಿ ಇಷ್ಟು, ಜೀರಿಗೆ, ಮೆಣಸು, ಮೆಂತ್ಯ ಇಷ್ಟಿಷ್ಟು, ಕೊನೆಗೆ 'ಹುರಿದು ಪುಡಿ'. ಅಷ್ಟೆ. ಒಟ್ಟಿಗೆ ಹುರಿಯಬೇಕೋ ಬೇರೆ ಬೇರೆಯೋ, ಎಷ್ಟು ಹೊತ್ತು, ಯಾವ ಬಣ್ಣ ಬರುವವರೆಗೆ, ಒಂದು ಮಾತಿಲ್ಲ. ಮೆಂತ್ಯವು ಕಪ್ಪಾದರೆ ಇಡೀ ಪುಡಿ ಕಹಿಯಾಗುವುದೆಂಬುದು ಸೂತ್ರದಲ್ಲಿಲ್ಲ. ಅದನ್ನು ನಾನು ನಾಲಗೆಯಿಂದ ಕಲಿತೆನು. ಅನ್ನದ ಮಾತಂತೂ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ದಿನಕ್ಕೆರಡು ಸಲ ಮಾಡುವ ಅಡಿಗೆಯನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಉಪ್ಪು ಕೆಲವೆಡೆಗಳಲ್ಲಿ ಇದೆ, ಹಲವೆಡೆಗಳಲ್ಲಿ ಇಲ್ಲ. ನೀರು ಎಲ್ಲಿಯೂ ಇಲ್ಲ.

ಇದು ಕರ್ತೃವಿನ ದೋಷವಲ್ಲ. ಅವಳು ಬರೆದದ್ದು ತನಗಾಗಿ. ಮರೆತುಹೋಗಬಹುದಾದದ್ದನ್ನು ಬರೆದಳು; ಕೈಗೆ ಬಂದಿದ್ದುದನ್ನು ಬರೆಯಲಿಲ್ಲ. ಸಾಮಗ್ರಿಯ ಪಟ್ಟಿ ತಲೆಯಿಂದ ಜಾರಿಹೋಗಬಹುದು. ಹದವು ಕೈಯಲ್ಲಿರುತ್ತದೆ, ಜಾರುವುದಿಲ್ಲ. ಹೀಗೆ, ಬಲ್ಲವರ ಪಾಕಗ್ರಂಥದಲ್ಲಿ ದ್ರವ್ಯಗಳು ಪೂರ್ಣವಾಗಿಯೂ ಕ್ರಿಯೆಗಳು ಅಪೂರ್ಣವಾಗಿಯೂ ಕಾಲವು ಶೂನ್ಯವಾಗಿಯೂ ಇರುವುದು ಸ್ವಾಭಾವಿಕ. ಈ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಸೂತ್ರಕ್ಕೆ ವೃತ್ತಿಯನ್ನು ಕರ್ತೃವೇ ಫೋನಿನ ಮೂಲಕ ಹೇಳಬೇಕಾಯಿತು. ಬೆಳಗ್ಗೆ ಹತ್ತು ಗಂಟೆಗೆ, ಬಾಣಂತಿಯ ಸ್ನಾನ ಮಗುವಿನ ಸ್ನಾನಗಳು ಮುಗಿದ ಮೇಲೆ, ಪಾಠ. ಮೊದಲ ದಿನಗಳಲ್ಲಿ ಅವಳ ವೃತ್ತಿಯೂ ನನಗೆ ಸೂತ್ರದಷ್ಟೇ ಗಹನವಾಗಿದ್ದಿತು. "ಹಸಿ ವಾಸನೆ ಹೋಗುವವರೆಗೂ ಕುದಿಸಿ" ಎನ್ನುವಳು. ಹಸಿ ವಾಸನೆಯೆಂದರೆ ಯಾವುದು? "ಕುದಿದ ಮೇಲೆ ಇರುವುದಿಲ್ಲವಲ್ಲ, ಅದು." ಕುದಿದದ್ದೆಂದು ಹೇಗೆ ತಿಳಿಯಬೇಕು? "ಹಸಿ ವಾಸನೆ ಹೋಗಿರುತ್ತದೆ." ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯದೋಷವೆಂದು ಹೆಸರು ಎಂದು ನಾನು ತಿಳಿಸಿದೆನು. "ದೋಷ ಇರಲಿ, ಉರಿ ಸಣ್ಣ ಮಾಡಿ, ಉಕ್ಕುತ್ತಿರಬೇಕು" ಎಂದಳು. ನೋಡಿದರೆ ಉಕ್ಕುತ್ತಿತ್ತು.

ವಾಸನೆಯನ್ನು ತಂತಿಯ ಮೂಲಕ ಕಳುಹಿಸಲಾಗದೆಂದು ಇಬ್ಬರಿಗೂ ಅರಿವಾದ ಮೇಲೆ ಬೋಧನಕ್ರಮವು ಬದಲಾಯಿತು. "ಫೋನನ್ನು ಬಾಣಲೆಯ ಹತ್ತಿರ ಹಿಡಿಯಿರಿ" ಎಂದಳು. ಹಿಡಿದೆನು. ಬೆಂಗಳೂರಿನಲ್ಲಿ ಕುಳಿತು ನಮ್ಮ ಮನೆಯ ಸಾಸಿವೆಯನ್ನು ಕೇಳಿ, "ಎಣ್ಣೆ ಕಾದಿಲ್ಲ, ಸದ್ದೇ ಇಲ್ಲವಲ್ಲ" ಎಂದಳು, ಸ್ವಲ್ಪ ಹೊತ್ತಿನ ಮೇಲೆ, "ಈಗ ಸಿಡಿಯುತ್ತಿದೆ, ಸದ್ದು ಇಳಿಯಲಿ, ಈಗ ಉದ್ದಿನ ಬೇಳೆ, ಕೆಂಪಗಾಯಿತೆ? ಹಾಗಾದರೆ ಇಂಗು, ಕರಿಬೇವು, ಒಲೆ ಆರಿಸಿ" ಎಂದಳು. ಇಲ್ಲಿ ಅಳತೆಯೂ ಇಲ್ಲ, ಗಡಿಯಾರವೂ ಇಲ್ಲ. ಒಂದೊಂದು ಘಟ್ಟಕ್ಕೂ ಕಿವಿಗೋ ಕಣ್ಣಿಗೋ ಗೋಚರವಾಗುವ ಒಂದೊಂದು ಲಿಂಗ ಮಾತ್ರ. ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ಅನುಮಾನಖಂಡದಲ್ಲಿ ವರ್ಷಗಟ್ಟಲೆ ಓದಿದವನಿಗೆ, ಸದ್ದಿನಿಂದ ಎಣ್ಣೆಯ ಕಾವನ್ನು ಊಹಿಸುವುದು ಆ ದಿನ ಹೊಸ ವಿದ್ಯೆಯಾಗಿ ಕಂಡಿತು. ಮರುವರ್ಷ, 2021ರ ಮೇ ತಿಂಗಳಲ್ಲಿ, ಆ ಜಾಡ್ಯವು ನಮ್ಮ ಮನೆಯನ್ನೂ ಹೊಕ್ಕಿತು. ನನಗೆ ಜ್ವರವು ಬೇಗ ಇಳಿಯಿತಾದರೂ ಎರಡು ವಾರ ಮೂಗಿಗೆ ಕರ್ಪೂರದ ವಾಸನೆಯೂ ತಿಳಿಯಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದವಳಿಗೆ ಗಂಜಿ, ಸಾರುಗಳನ್ನು ಆ ಎರಡು ವಾರವೂ ನಾನು ಮಾಡಿದ್ದು ಬರಿಯ ಕಣ್ಣು ಕಿವಿಗಳ ಬಲದಿಂದ. ಬಾಗಿಲ ಹೊರಗೆ ತಟ್ಟೆಯನ್ನಿಟ್ಟು ದೂರ ನಿಲ್ಲುತ್ತಿದ್ದೆನು. ಸಾರು ಚೆನ್ನಾಗಿದೆಯೆಂದು ಅವಳು ಹೇಳಿದಳು. ಅವಳಿಗೂ ಆಗ ರುಚಿ ತಿಳಿಯುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಪ್ರಕೃತಕ್ಕೆ ಬರೋಣ. ಏಪ್ರಿಲ್ ತಿಂಗಳ ಮಧ್ಯದಲ್ಲಿ, ಅನ್ನ ಸಾರುಗಳು ಕೈವಶವಾದ ಗರ್ವದಿಂದ, ಇಡ್ಲಿಗೆ ಕೈಹಾಕಿದೆನು. ನೋಟುಪುಸ್ತಕದಲ್ಲಿ ಅದರ ಸೂತ್ರ ಹೀಗಿತ್ತು: 'ಇಡ್ಲಿ: ಉದ್ದು 1, ಅಕ್ಕಿರವೆ 2, ಉಪ್ಪು.' ಫೋನು ಮಾಡದೆ ಸ್ವಬುದ್ಧಿಯಿಂದಲೇ ಮಾಡಿ ಆಶ್ಚರ್ಯಪಡಿಸಬೇಕೆಂಬ ಹಂಬಲ. ಬೆಳಗ್ಗೆ ಉದ್ದನ್ನು ನೆನೆಹಾಕಿ, ಮಧ್ಯಾಹ್ನ ರುಬ್ಬಿ, ರವೆಯನ್ನು ಕಲಸಿ, ಒಡನೆಯೇ ತಟ್ಟೆಗಳಿಗೆ ಹಾಕಿ ಹಬೆಯಲ್ಲಿ ಬೇಯಿಸಿದೆನು. ಹೊರಕ್ಕೆ ಬಂದವು ಹೊಳೆಯ ದಂಡೆಯ ಕಲ್ಲುಗಳಂತಿದ್ದುವು. ಸಾಯಂಕಾಲ ನಡೆದದ್ದನ್ನು ಹೇಳಿದಾಗ ಅವಳು ನಕ್ಕು, "ರಾತ್ರಿಯೆಲ್ಲ ಇಟ್ಟು ಹುಳಿ ಬರಿಸಬೇಕೆಂದು ನಿಮಗೆ ಗೊತ್ತಿಲ್ಲವೆ? ನಲವತ್ತು ವರ್ಷದಿಂದ ತಿನ್ನುತ್ತಿದ್ದೀರಿ" ಎಂದಳು. ಪುಸ್ತಕದಲ್ಲಿ ಇಲ್ಲವಲ್ಲ ಎಂದೆನು. "ಅದನ್ನೂ ಬರೆಯುತ್ತಾರೆಯೆ?" ಎಂದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಹಸಿವಿನಿಂದಲ್ಲ, ಒಂದು ಹಳೆಯ ವಿವಾದವು ನೆನಪಿಗೆ ಬಂದುದರಿಂದ.

ಆಹಾರವಿಜ್ಞಾನಿಯಾದ ಕೆ. ಟಿ. ಅಚಯ ಅವರು 1994ರಲ್ಲಿ ಪ್ರಕಟವಾದ ಭಾರತೀಯ ಆಹಾರದ ಚರಿತ್ರೆಯಲ್ಲಿ ಇಡ್ಲಿಯ ಪೂರ್ವೋತ್ತರವನ್ನು ವಿಚಾರಿಸಿದ್ದಾರೆ. ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರುಂಟು. ಚಾವುಂಡರಾಯನು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳೊಡನೆ ಕಲಸುವುದನ್ನು ಹೇಳುತ್ತಾನೆ. ಮಾನಸೋಲ್ಲಾಸದಲ್ಲಿ ಇಡರಿಕೆಯೆಂಬುದು ಬರುತ್ತದೆ. ಇಂದಿನ ಇಡ್ಲಿಯ ಮೂರು ಲಕ್ಷಣಗಳು, ಎಂದರೆ ಅಕ್ಕಿಯ ಬೆರಕೆ, ದೀರ್ಘಕಾಲ ಹುಳಿಸುವುದು, ಹಬೆಯಲ್ಲಿ ಬೇಯಿಸುವುದು, ಈ ಹಳೆಯ ಉಲ್ಲೇಖಗಳಲ್ಲಿ ಕಾಣಬರುವುದಿಲ್ಲವೆಂದು ಅಚಯ ಅವರ ಅಭಿಪ್ರಾಯ. ಇದರ ಮೇಲೆ, ಹುಳಿಸಿ ಹಬೆಯಲ್ಲಿ ಬೇಯಿಸುವ ವಿದ್ಯೆಯು ಇಂಡೋನೇಷಿಯಾದಿಂದ, ಅಲ್ಲಿನ ಹಿಂದೂ ಅರಸರ ಅಡಿಗೆಯವರ ಮೂಲಕ ಬಂದಿರಬಹುದೆಂಬ ಊಹೆಯನ್ನೂ ಅವರು ಮಾಡಿದರು. ಊಹೆಯೆಂದೇ ಅವರು ಹೇಳಿದ್ದರೂ, ಅನಂತರ ಬರೆದ ಅನೇಕರು ಅದನ್ನು ಸಿದ್ಧಾಂತವಾಗಿ ಮಾಡಿಬಿಟ್ಟರು.

ಅಚಯ ಅವರಲ್ಲಿ ನನಗೆ ಗೌರವವುಂಟು. ಇಷ್ಟು ವಿಸ್ತಾರವಾದ ಸಾಮಗ್ರಿಯನ್ನು ಒಂದೆಡೆ ಕೂಡಿಸಿದವರು ವಿರಳ. ಆದರೆ ಕಲ್ಲಿನಂತಹ ಇಡ್ಲಿಯನ್ನು ತಿಂದವನಿಗೆ ಒಂದು ಪ್ರಶ್ನೆ ಹೊಳೆಯದೆ ಇರದು. ನನ್ನ ಪತ್ನಿಯ ನೋಟುಪುಸ್ತಕವು ಒಂಬೈನೂರು ವರ್ಷ ಹಾಗೆಯೇ ಉಳಿದು ಯಾವನೋ ಒಬ್ಬ ಸಂಶೋಧಕನ ಕೈಗೆ ಸಿಕ್ಕಿತೆಂದು ಭಾವಿಸೋಣ. ಅವನು ಏನು ಬರೆದಾನು? ಇಪ್ಪತ್ತನೆಯ ಶತಮಾನದ ಕನ್ನಡಿಗರು ಇಡ್ಲಿಗೆ ಉದ್ದನ್ನೂ ಅಕ್ಕಿಯ ರವೆಯನ್ನೂ ಬಳಸುತ್ತಿದ್ದರು. ಹಿಟ್ಟನ್ನು ಹುಳಿಸುವುದು ಅವರಿಗೆ ತಿಳಿದಿರಲಿಲ್ಲ. ಹಬೆಯಲ್ಲಿ ಬೇಯಿಸುವುದೂ ತಿಳಿದಿರಲಿಲ್ಲ. ಪ್ರಾಯಶಃ ಹಸಿಯಾಗಿಯೇ ತಿನ್ನುತ್ತಿದ್ದರು!

ಹಾಗೆಂದು ಮೌನವೆಲ್ಲವೂ ಸಮಾನವೆಂದು ನಾನು ಹೇಳಲಾರೆ. ಮೇಲೆ ನೆನಪಿನಲ್ಲಿಡಲು ಹೇಳಿದ ಭೇದವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಲ್ಲವನು ಬರೆಯುವಾಗ ಉಪ್ಪು ನೀರುಗಳನ್ನು ಬಿಟ್ಟಾನು, ಮುಖ್ಯದ್ರವ್ಯವನ್ನು ಬಿಡನು. ಆದ್ದರಿಂದ ಚಾವುಂಡರಾಯ ಸೋಮೇಶ್ವರರು ಅಕ್ಕಿಯನ್ನು ಹೇಳದಿದ್ದರೆ ಆ ಇಡ್ಲಿಗೆ ಅಕ್ಕಿ ಬೀಳುತ್ತಿರಲಿಲ್ಲವೆಂಬ ಅಚಯರ ಅನುಮಾನವು ಬಲವುಳ್ಳದ್ದು. ಅದನ್ನು ನಾನು ಒಪ್ಪುತ್ತೇನೆ. ಹುಳಿಸುವುದಾದರೋ ಕ್ರಿಯೆಯೂ ಅಲ್ಲ, ಬರಿಯ ಕಾಯುವಿಕೆ. ಮನುಷ್ಯನು ನಿದ್ದೆ ಮಾಡುತ್ತಿರುವಾಗ ತಾನಾಗಿ ನಡೆಯುವಂಥದು. ಪಾಕಗ್ರಂಥದಲ್ಲಿ ಮೊಟ್ಟಮೊದಲು ಬಿಟ್ಟುಹೋಗುವುದು ಅದೇ. ಮೇಲಾಗಿ, ಮಜ್ಜಿಗೆಯಲ್ಲಿ ನೆನೆದು ಮೊಸರಿನ ತಿಳಿಯಲ್ಲಿ ಕಲಸಿದ ಹಿಟ್ಟಿನಲ್ಲಿ ಹುಳಿಯ ಬೀಜವನ್ನು ಕೈಯಾರ ಬಿತ್ತಿದಂತೆಯೇ ಆಯಿತಲ್ಲವೆ? ಅದು ಹುಳಿಯದೆ ಇರಬೇಕಾದರೆ ಪ್ರಯತ್ನಪೂರ್ವಕವಾಗಿ ತಡೆಯಬೇಕು.

ಇಷ್ಟು ವಿಚಾರ ಮಾಡಿ, ದೀಪ ಹಾಕಿ, ಬೀರುವಿನಿಂದ ಮಾನಸೋಲ್ಲಾಸವನ್ನು ತೆಗೆದೆನು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ 1939ರಲ್ಲಿ ಅಚ್ಚಾದ ಎರಡನೆಯ ಸಂಪುಟ, ಅನ್ನಭೋಗವಿರುವುದು ಅದರಲ್ಲಿ. ಮೂವತ್ತು ವರ್ಷಗಳ ಹಿಂದೆ ನಾನು ಅದನ್ನು ಸೀಸದಕಡ್ಡಿ ಹಿಡಿದು ಓದಿದ್ದೆನು. ಇಡರಿಕೆಯನ್ನು ಹೇಳುವ ಶ್ಲೋಕಗಳನ್ನು ತೆರೆದೆನು. ಮೊದಲ ಪದವೇ 'ಅಮ್ಲೀಭೂತ'. ಅಮ್ಲೀಭೂತವಾದ ಉದ್ದಿನ ಹಿಟ್ಟು. ಅದರ ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ಎರಡಕ್ಷರ: 'ಚ್ವಿ.'

ವ್ಯಾಕರಣವನ್ನು ಓದದ ವಾಚಕರಿಗಾಗಿ ಹೇಳುತ್ತೇನೆ. ಮೊದಲು ಹಾಗಿಲ್ಲದ ವಸ್ತುವು ಹಾಗೆ ಆಗುವುದನ್ನು ಹೇಳಬೇಕಾದಾಗ ಸಂಸ್ಕೃತದಲ್ಲಿ ಚ್ವಿ ಎಂಬ ಪ್ರತ್ಯಯವು ಬರುತ್ತದೆ. ಇದರ ಅರ್ಥವನ್ನು ವೈಯಾಕರಣರು ಅಭೂತತದ್ಭಾವವೆನ್ನುತ್ತಾರೆ. ಬಿಳಿಯಲ್ಲದ್ದು ಬಿಳಿಯಾದರೆ ಶುಕ್ಲೀಭೂತ. ಹುಳಿಯ ಹಿಟ್ಟು ಎಂದು ಮಾತ್ರ ಸೋಮೇಶ್ವರನು ಹೇಳಬೇಕಾಗಿದ್ದರೆ ಅಮ್ಲವೆಂದಷ್ಟೇ ಹೇಳಬಹುದಿತ್ತು. ಹುಳಿಯಾಗಿರದೆ ಇದ್ದು ಆಮೇಲೆ ಹುಳಿಯಾದದ್ದು ಎಂದು ಅವನು ಹೇಳಿದನು. ಆ ಎರಡರ ನಡುವೆ ಒಂದು ರಾತ್ರಿಯಿದೆ. ಆ ರಾತ್ರಿಯನ್ನು ನಾನು ಪ್ರತ್ಯಯವೆಂದು ಗುರುತುಮಾಡಿ ಮುಂದಕ್ಕೆ ಹೋಗಿದ್ದೆನು.

ಮುಂದಿನ ಮಾತುಗಳೂ ಆ ದಿನ ಹೊಸದಾಗಿ ಕಂಡುವು. ಆ ಹಿಟ್ಟನ್ನು ವಟಿಕೆಗಳಲ್ಲಿ ಹಾಕಬೇಕೆಂದು ಶ್ಲೋಕವು ಹೇಳುತ್ತದೆ. ವಟಿಕೆಯೆಂಬುದಕ್ಕೆ ಉಂಡೆಯೆಂಬ ಅರ್ಥವೂ ಉಂಟಾದ್ದರಿಂದಲೋ ಏನೋ, ಅಚಯ ಅವರು ಹಿಟ್ಟನ್ನು ಸಣ್ಣ ಉಂಡೆಗಳಾಗಿ ಮಾಡುತ್ತಿದ್ದರೆಂದು ಬರೆದಿದ್ದಾರೆ. ಆದರೆ ಶ್ಲೋಕದಲ್ಲಿರುವುದು ಸಪ್ತಮೀ ವಿಭಕ್ತಿ. ಉಂಡೆಗಳಾಗಿ ಮಾಡುವುದು ಬೇರೆ, ಉಂಡೆಗಳಲ್ಲಿ ಹಾಕುವುದು ಬೇರೆ, ಎರಡನೆಯದಕ್ಕೆ ಅರ್ಥವಿಲ್ಲ. ಇಲ್ಲಿ ವಟಿಕೆಯೆಂದರೆ ಸಣ್ಣ ಬಟ್ಟಲೇ ಆಗಿರಬೇಕು. ಅನಂತರ, ಒಳಗೆ ಬಟ್ಟೆಯುಳ್ಳ ಬೇರೆ ವಟಿಕೆಗಳಿಂದ ಅವನ್ನು ಮುಚ್ಚಿ ಬೇಯಿಸಬೇಕು. ಇಳಿಸಿದ ಮೇಲೆ ಮೆಣಸಿನ ಪುಡಿ. ತುಪ್ಪ, ಇಂಗು, ಜೀರಿಗೆಗಳ ಸಂಸ್ಕಾರ. ಕೊನೆಯಲ್ಲಿ, ಒಳ್ಳೆಯ ಇಡರಿಕೆಯು ತಣ್ಣಗೆ, ಬೆಳ್ಳಗೆ, ನಯವಾಗಿ ಇರುತ್ತದೆಂದು ಲಕ್ಷಣ. ಎಣ್ಣೆಯಲ್ಲಿ ಕರಿದ ಉದ್ದಿನ ಪದಾರ್ಥವು ಬೆಳ್ಳಗಿರುವುದನ್ನು ಯಾರಾದರೂ ಕಂಡಿದ್ದಾರೆಯೆ? ಕೆಂಡದ ಮೇಲೆ ಸುಟ್ಟದ್ದು ನಯವಾಗಿರುವುದುಂಟೆ? ಹಬೆಯೆಂಬ ಶಬ್ದವು ಅಲ್ಲಿ ಇಲ್ಲವೆಂಬುದು ನಿಜ. ಕೆಳಗೆ ನೀರಿನ ಪಾತ್ರೆಯಿದ್ದಿತೋ, ಮುಚ್ಚಿದ ಬಟ್ಟಲಿನೊಳಗಿನ ತೇವವೇ ಬೇಯಿಸುತ್ತಿದ್ದಿತೋ, ಶ್ಲೋಕದಿಂದ ನಿರ್ಣಯವಾಗದು. ನಮ್ಮ ಇಡ್ಲಿ ಪಾತ್ರೆಯೇ ಸೋಮೇಶ್ವರನ ಅರಮನೆಯಲ್ಲಿದ್ದಿತೆಂದು ನಾನು ಸಾಧಿಸಹೊರಟಿಲ್ಲ. ಹಿಟ್ಟು ಹುಳಿತಿತ್ತು, ಬಟ್ಟಲುಗಳಲ್ಲಿ ಮುಚ್ಚಿಕೊಂಡು ಬೆಂದಿತು, ಬೆಳ್ಳಗಿದ್ದಿತು ಎಂಬಿಷ್ಟನ್ನು ಗ್ರಂಥವು ಹೇಳುತ್ತಿರುವಾಗ, ಹೇಳಿಲ್ಲವೆನ್ನುವುದು ಸರಿಯಲ್ಲ.

ಇದರಿಂದ ಸೋಮೇಶ್ವರನ ಮೇಲೆ ನನಗಿದ್ದ ಅಭಿಪ್ರಾಯವೂ ಬದಲಾಯಿತು. ಅರಸನಿಗೆ ಅಡಿಗೆಯ ಮನೆಯ ಗೊಡವೆಯೇನು, ಉಂಡದ್ದನ್ನು ಬರೆದಿದ್ದಾನೆ ಎಂದು ತಿಳಿದಿದ್ದೆನು. ಆದರೆ 'ತಣ್ಣಗೆ, ಬೆಳ್ಳಗೆ, ನಯವಾಗಿ' ಎಂಬ ಮೂರು ಮಾತು, ಸಾಸಿವೆಯ ಸದ್ದು ಇಳಿಯಲಿ ಎಂಬ ಮಾತಿನ ಜಾತಿಗೇ ಸೇರಿದ್ದು. ಏನೂ ಅರಿಯದವನು ತನ್ನ ಕೈಯ ಕೆಲಸವು ಸರಿಯಾಯಿತೋ ಇಲ್ಲವೋ ಎಂದು ತಾನೇ ಪರೀಕ್ಷಿಸಿಕೊಳ್ಳುವುದಕ್ಕೆ ಅದರಷ್ಟು ಸಹಾಯವು ಅಳತೆಯಿಂದ ದೊರೆಯದು. ಈಗಿನ ಅಚ್ಚಿನ ಪಾಕಪುಸ್ತಕಗಳಲ್ಲಿ ಲೋಟ, ಚಮಚ, ನಿಮಿಷಗಳು ಧಾರಾಳವಾಗಿವೆ. ಆದರೆ ಅವರ ಉರಿಯು ನಮ್ಮ ಉರಿಯಲ್ಲ, ಅವರ ತೊಗರಿ ಬೇಳೆಯ ವಯಸ್ಸು ನಮ್ಮ ಬೇಳೆಯ ವಯಸ್ಸಲ್ಲ. ಹತ್ತು ನಿಮಿಷವೆಂದರೆ ಒಬ್ಬರ ಮನೆಯಲ್ಲಿ ಬೆಂದಿರುತ್ತದೆ, ಇನ್ನೊಬ್ಬರ ಮನೆಯಲ್ಲಿ ಕಡಿಯಬೇಕಾಗುತ್ತದೆ. ಮಂಗರಸನ ವಿಷಯದಲ್ಲಿ ಮಾತ್ರ ನನ್ನ ತೀರ್ಪು ಹಾಗೆಯೇ ಉಳಿಯಿತು. ಅವನ ಕೃತಿಯು ಹಸಿವನ್ನು ಹುಟ್ಟಿಸುತ್ತದೆ. ಪರಿಮಳಗಳ ಮೇಲೆ ಪರಿಮಳ ಬಂದು ಪದ್ಯವು ಘಮಘಮಿಸುತ್ತದೆ. ಅದನ್ನು ಓದಿ ಅಡಿಗೆ ಮಾಡುವುದಕ್ಕೆ ಮಂಗರಸನ ಕಾಲದ ಬಾಣಸಿಗನೇ ಆಗಿರಬೇಕು. ಅವನಿಗೆ ಆ ಗ್ರಂಥವು ಬೇಕಾಗಿರಲಿಲ್ಲ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆನು. ಶಾಲೆಯ ಕೆಲಸದ ಜತೆಗೆ ನಾನು ಸಂಜೆಯ ಹೊತ್ತು ಪಾಠಶಾಲೆಯಲ್ಲಿ ಸಾಹಿತ್ಯವಿದ್ವತ್ತಿಗೆ ಕುಳಿತವರಿಗೆ ಅಲಂಕಾರಶಾಸ್ತ್ರವನ್ನು ಹೇಳುತ್ತಿದ್ದೆನು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ರಸವೆಂದರೇನೆಂಬುದನ್ನು ಅಡಿಗೆಯ ದೃಷ್ಟಾಂತ ಕೊಟ್ಟೇ ವಿವರಿಸುತ್ತಾನೆಂಬುದು ವಿದಿತವಷ್ಟೆ. ನಾನಾ ವ್ಯಂಜನಗಳು, ಓಷಧಿಗಳು, ಬೆಲ್ಲವೇ ಮೊದಲಾದ ದ್ರವ್ಯಗಳು ಕೂಡಿ ಒಂದು ರಸವಾಗುವಂತೆ, ನಾನಾ ಭಾವಗಳು ಕೂಡಿ ನಾಟ್ಯದಲ್ಲಿ ರಸವಾಗುತ್ತದೆ. ನಾನು ಇದನ್ನು ಹೇಳುತ್ತಿದ್ದ ಕ್ರಮವೇನೆಂದರೆ, ಕಪ್ಪು ಹಲಗೆಯ ಎಡಭಾಗದಲ್ಲಿ ಹುಣಿಸೆ, ಬೆಲ್ಲ, ಮೆಣಸು, ಬಲಭಾಗದಲ್ಲಿ ವಿಭಾವ, ಅನುಭಾವ, ವ್ಯಭಿಚಾರಿ, ನಡುವೆ ಗೆರೆಗಳು. ಒಬ್ಬ ವಿದ್ಯಾರ್ಥಿ ಒಮ್ಮೆ ಎದ್ದು, "ಗುರುಗಳೇ, ವಿಭಾವಾದಿಗಳೆಲ್ಲ ಲೋಪವಿಲ್ಲದೆ ಇದ್ದರೂ ಕೆಲವು ನಾಟಕಗಳಲ್ಲಿ ರಸವೇ ಹುಟ್ಟುವುದಿಲ್ಲವಲ್ಲ, ಏಕೆ?" ಎಂದನು. "ಎಲ್ಲಿಯೋ ಔಚಿತ್ಯಭಂಗವಾಗಿರುತ್ತದೆ, ಕುಳಿತುಕೋ" ಎಂದೆನು. ಅವನು ಕುಳಿತುಕೊಂಡನು, ಪರೀಕ್ಷೆಯಲ್ಲಿಯೂ ಉತ್ತೀರ್ಣನಾದನು.

ಏಪ್ರಿಲ್ ತಿಂಗಳಲ್ಲಿ ಒಂದು ದಿನ ಸಾರಿಗೆ ಹುಣಿಸೆ, ಬೆಲ್ಲ, ಪುಡಿ, ಉಪ್ಪು ಎಲ್ಲವನ್ನೂ ಲೋಪವಿಲ್ಲದೆ ಹಾಕಿ, ಅವಸರದಿಂದ ಒಂದೇ ಕುದಿಗೆ ಇಳಿಸಿ ಬಾಯಿಗೆ ಹಾಕಿಕೊಂಡೆನು. ಹುಳಿ ಒಂದು ಕಡೆ, ಖಾರ ಒಂದು ಕಡೆ, ಸಿಹಿ ಇನ್ನೊಂದು ಕಡೆ, ಸಾರಿಲ್ಲ. ಪುನಃ ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಕುದಿಸಿದೆನು. ಹೊಸದಾಗಿ ಏನನ್ನೂ ಹಾಕಲಿಲ್ಲ. ಕಾಲು ಗಂಟೆಯ ಮೇಲೆ ಅದೇ ಪದಾರ್ಥಗಳು ಒಂದನ್ನೊಂದು ಬಿಟ್ಟು ಕಾಣದಂತಾಗಿದ್ದುವು. ಆ ಹುಡುಗನ ಪ್ರಶ್ನೆ ಆಗ ನೆನಪಾಯಿತು. ಇಷ್ಟು ವರ್ಷ ನಾನು ಅವರಿಗೆ ಪಟ್ಟಿಯನ್ನು ಬರೆಸಿದ್ದೆನು. ಕುದಿಯ ಮಾತನ್ನು ಎತ್ತಿರಲಿಲ್ಲ. ನನಗೇ ಗೊತ್ತಿದ್ದು ಬಿಟ್ಟಿದ್ದರೆ ಅದು ನನ್ನ ಪತ್ನಿಯ ನೋಟುಪುಸ್ತಕದಂತಾಗುತ್ತಿತ್ತು. ಗೊತ್ತಿಲ್ಲದೆ ಬಿಟ್ಟಿದ್ದೆನು. ಆ ಹುಡುಗನು ಈಗ ಬೇರೊಂದು ಊರಿನಲ್ಲಿ ಅಧ್ಯಾಪಕನಾಗಿದ್ದಾನೆ. ಅವನೂ ಹಲಗೆಯ ಎಡಕ್ಕೆ ಬಲಕ್ಕೆ ಗೆರೆ ಎಳೆಯುತ್ತಿರಬಹುದು. ಅವನಿಗೆ ಒಂದು ಕಾಗದ ಬರೆದೆನು. ಉತ್ತರ ಬಂದಿತು; ಗುರುಗಳು ಆರೋಗ್ಯವನ್ನು ನೋಡಿಕೊಳ್ಳಬೇಕೆಂದು ಕೇಳಿಕೊಂಡಿದ್ದನು.

ಮೇ ತಿಂಗಳ ಕೊನೆಯ ವಾರದಲ್ಲಿ, ಬಸ್ಸುಗಳು ಓಡಾಡತೊಡಗಿದ ಮೇಲೆ, ನನ್ನ ಪತ್ನಿ ಊರಿಗೆ ಬಂದಳು. ಅಷ್ಟು ಹೊತ್ತಿಗೆ ಅವಳ ಸೂತ್ರಗಳಿಗೆಲ್ಲ ನಾನು ಅಂಚಿನಲ್ಲಿ ಸಣ್ಣ ಅಕ್ಷರಗಳಿಂದ ವ್ಯಾಖ್ಯಾನವನ್ನು ಬರೆದು ಮುಗಿಸಿದ್ದೆನು. ಅನ್ನಕ್ಕೆ ಹೊಸದಾಗಿ ಒಂದು ಪುಟವನ್ನೇ ಸೇರಿಸಿದ್ದೆನು. ಅವಳು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿ, "ಇಷ್ಟನ್ನು ಓದುತ್ತ ಕುಳಿತರೆ ಒಲೆಯ ಮೇಲಿರುವುದು ಏನಾಗಬೇಕು?" ಎಂದು ಮಾತ್ರ ಕೇಳಿದಳು. ಆದರೂ ಪುಸ್ತಕವನ್ನು ಅದರ ಹಳೆಯ ಜಾಗದಲ್ಲಿಯೇ ಇಟ್ಟಳು.

ಆ ವರ್ಷದ ಡಿಸೆಂಬರಿನಲ್ಲಿ ಒಂದು ದಿನ ಇಡ್ಲಿ ಮಾಡುವ ಸರದಿ ನನ್ನದಾಗಿತ್ತು. ವ್ಯಾಖ್ಯಾನದಲ್ಲಿ ನಾನೇ ಬರೆದಿದ್ದಂತೆ ಹಿಟ್ಟನ್ನು ಎಂಟು ಗಂಟೆ ಇಟ್ಟಿದ್ದೆನು. ಬೆಳಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟಷ್ಟೇ ಇದೆ; ಉಬ್ಬಿಲ್ಲ, ಹುಳಿಯಿಲ್ಲ. ಅವಳನ್ನು ಕರೆದು ತೋರಿಸಿದೆನು. ಪಾತ್ರೆಗೆ ಕೈಯಿಟ್ಟು ನೋಡಿ, "ಚಳಿಗೆ ಎಂಟು ಗಂಟೆ ಸಾಲದು. ಒಲೆಯ ಪಕ್ಕದಲ್ಲಿಟ್ಟು ಕಂಬಳಿ ಹೊದಿಸಬೇಕು" ಎಂದಳು. ನೀನು ಹೇಳಲಿಲ್ಲವಲ್ಲ ಎಂದೆನು. "ನೀವು ಕೇಳಿದ್ದು ಏಪ್ರಿಲಿನಲ್ಲಿ" ಎಂದು ಸೀಸದಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎಂಟು ಗಂಟೆಯೆಂಬುದನ್ನು ಹೊಡೆದುಹಾಕಿ, 'ಉಬ್ಬುವವರೆಗೆ' ಎಂದು ಬರೆದಳು.